ಇವಿ ಕಾರು ಕೊಳ್ಳುವ ಮುಂಚೆ ಕೇಳಿಕೊಳ್ಳಿ: ರಾತ್ರಿ ಅದು ಎಲ್ಲಿ ನಿಲ್ಲುತ್ತೆ?

ಹಸಿರು ನಂಬರ್ ಪ್ಲೇಟಿನ ಕಾರು, ಅಂದರೆ ಇವಿ (ಎಲೆಕ್ಟ್ರಿಕ್ ವಾಹನ) ಇಟ್ಟುಕೊಂಡವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಟೈರಿಗೆ ಗಾಳಿ ಹಾಕುವ ಅಂಗಡಿಯಲ್ಲಿ, ಎಲ್ಲಿ ಹೋದರೂ ಅದೇ ಮಾತು: "ಸಾರ್, ಫುಲ್ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ?" ಮೂರು ವರ್ಷದ ಹಿಂದೆ ನಾನು ಕಾರು ತಂದಾಗ ಜನ ಕುತೂಹಲಕ್ಕೆ ಕೇಳುತ್ತಿದ್ದರು. ಈಗ ಕೇಳುವವರು ಕೊಳ್ಳುವ ಯೋಚನೆಯಲ್ಲೇ ಇರುತ್ತಾರೆ. ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದೆ, ದಿನಾ ಆಫೀಸಿಗೆ ಬರಲೇಬೇಕು ಎಂದು ಎಷ್ಟೋ ಕಂಪನಿಗಳು ಹೇಳಿವೆ, ಪಕ್ಕದ ಮನೆಯವರು ಆಗಲೇ ಒಂದು ಇವಿ ತಂದಿದ್ದಾರೆ.

ಎಷ್ಟು ಓಡುತ್ತೆ ಎನ್ನುವುದಕ್ಕೆ ಉತ್ತರ ಮುಂದೆ ಬರುತ್ತದೆ. ಆದರೆ ದಿನಾ ಆಫೀಸಿಗೆ ಓಡಿಸುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ. ನಿಮ್ಮ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಅಲ್ಲೊಂದು ಪ್ಲಗ್ ಪಾಯಿಂಟ್ ಇದೆಯಾ? ಖರ್ಚು, ಸಮಯ, ನೆಮ್ಮದಿ ಎಲ್ಲಾ ಬಂದು ನಿಲ್ಲುವುದು ಆ ಪ್ಲಗ್ಗಿನ ಹತ್ತಿರವೇ. ಯಾಕೆ ಅಂತ ಬುಡದಿಂದ ನೋಡೋಣ.

ಟ್ಯಾಂಕು ಮತ್ತು ಪೈಪು

ಇವಿ ಮಾತು ಬಂದಾಗಲೆಲ್ಲ ಎರಡು ಅಳತೆ ಕಿವಿಗೆ ಬೀಳುತ್ತವೆ: ಕಿಲೋವ್ಯಾಟ್-ಅವರ್ ಮತ್ತು ಕಿಲೋವ್ಯಾಟ್. ಮನೆ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎನ್ನುವುದು ಒಂದು ಲೆಕ್ಕ. ಅದನ್ನು ತುಂಬಿಸುವ ಪೈಪು ಎಷ್ಟು ದಪ್ಪ ಎನ್ನುವುದು ಇನ್ನೊಂದು. ಕಿಲೋವ್ಯಾಟ್-ಅವರ್ ಟ್ಯಾಂಕಿನ ಅಳತೆ, ಕಿಲೋವ್ಯಾಟ್ ಪೈಪಿನ ಅಳತೆ.

ಕಿಲೋವ್ಯಾಟ್-ಅವರ್ ನಮಗೆ ಹೊಸದೇನಲ್ಲ. ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು 'ಯೂನಿಟ್' ಅಂದರೆ ಒಂದು ಕಿಲೋವ್ಯಾಟ್-ಅವರ್. ಹಾಗಾಗಿ ಮುಂದೆಲ್ಲ ಯೂನಿಟ್ ಎಂದೇ ಬರೆಯುತ್ತೇನೆ. ಎಂಜಿ ಕಾಮೆಟ್‌ನಂಥ ಪುಟ್ಟ ಕಾರಿನ ಬ್ಯಾಟರಿ 17.3 ಯೂನಿಟ್ ಹಿಡಿಯುತ್ತದೆ. ಟಾಟಾ ಟಿಯಾಗೊ ಇವಿಯಲ್ಲಿ 19.2 ಮತ್ತು 24 ಯೂನಿಟ್‌ನವು ಇವೆ. ಎಂಜಿ ವಿಂಡ್ಸರ್ 38, ನೆಕ್ಸಾನ್ ಇವಿಯ ದೊಡ್ಡ ಬ್ಯಾಟರಿ 45. ಊರೊಳಗೆ ಓಡಿಸುವಾಗ ಒಂದು ಯೂನಿಟ್‌ಗೆ ಆರರಿಂದ ಎಂಟು ಕಿ.ಮೀ. ಸಿಗುತ್ತದೆ. ನಮ್ಮ ಮನೆಯ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚು. ಅಷ್ಟು ಕರೆಂಟಿನಲ್ಲಿ ಕಾರು ಬನಶಂಕರಿಯಿಂದ ಮೆಜೆಸ್ಟಿಕ್ ತಲುಪಿಬಿಡುತ್ತದೆ.

ಇನ್ನು ಪೈಪಿನ ವಿಷಯ. ಗೀಸರ್, ಎಸಿಗೆ ಹಾಕುವ ದೊಡ್ಡ ಮೂರು ಪಿನ್ನಿನ 15 ಆಂಪ್ಸ್ ಪ್ಲಗ್ ಸುಮಾರು 3 ಕಿಲೋವ್ಯಾಟ್ ಕೊಡುತ್ತದೆ. ಅಂದರೆ ಗಂಟೆಗೆ 3 ಯೂನಿಟ್. ಗೋಡೆಗೆ ಕೂರಿಸುವ ಚಾರ್ಜರ್, ಅಂದರೆ ವಾಲ್ ಬಾಕ್ಸ್, ಸಾಮಾನ್ಯವಾಗಿ 7.2 ಕಿಲೋವ್ಯಾಟ್. ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರ್‌ಗಳು 30, 60 ಅಥವಾ ಅದಕ್ಕೂ ಜಾಸ್ತಿ.

ಫಾಸ್ಟ್ ಚಾರ್ಜರ್ ಅಷ್ಟು ಬೇಗ ತುಂಬಿಸುವುದಕ್ಕೆ ಕಾರಣ ಇದೆ. ಮನೆಗೆ ಬರುವುದು ಎಸಿ ಕರೆಂಟ್, ಅಂದರೆ ಹರಿಯುವ ದಿಕ್ಕು ಬದಲಾಗುತ್ತಲೇ ಇರುವ ಕರೆಂಟ್. ಬ್ಯಾಟರಿಗೆ ಬೇಕಾದದ್ದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಯಲ್ಲಿ ಚಾರ್ಜ್ ಮಾಡುವಾಗ ಈ ಬದಲಾವಣೆಯನ್ನು ಕಾರಿನೊಳಗೇ ಇರುವ ಒಂದು ಚಿಕ್ಕ ಪೆಟ್ಟಿಗೆ ಮಾಡುತ್ತದೆ. ಚಿಕ್ಕದಾದ್ದರಿಂದ ನಿಧಾನ. ಫಾಸ್ಟ್ ಚಾರ್ಜರ್‌ನಲ್ಲಿ ಆ ಕೆಲಸ ಹೊರಗೆ ನಿಂತಿರುವ ಬೀರು ಗಾತ್ರದ ಯಂತ್ರದಲ್ಲೇ ಮುಗಿದು, ಡಿಸಿ ಕರೆಂಟ್ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಆದರೂ 80 ಪರ್ಸೆಂಟ್ ಆದ ಮೇಲೆ ವೇಗ ಇಳಿಯುತ್ತದೆ. ಖಾಲಿ ಬಿಎಂಟಿಸಿ ಬಸ್ಸಿಗೆ ಜನ ಹತ್ತುವುದನ್ನು ನೋಡಿದ್ದೀರಲ್ಲ. ಮೊದಲ ಮೂವತ್ತು ಜನ ಸರಸರ ಹತ್ತಿ ಕೂರುತ್ತಾರೆ. ಕೊನೆಯ ಹತ್ತು ಜನ ನುಸುಳಿಕೊಂಡು ಒಳಗೆ ಹೋಗಬೇಕು. ಬ್ಯಾಟರಿಯೊಳಗೆ ಲಿಥಿಯಂ ಕಣಗಳ ಪಾಡೂ ಹಾಗೇ.

ಕಂಪನಿ ಹೇಳುವ ಕಿ.ಮೀ., ರಸ್ತೆಯಲ್ಲಿ ಸಿಗುವ ಕಿ.ಮೀ.

ಜಾಹೀರಾತಿನಲ್ಲಿ ಬರುವ ಕಿ.ಮೀ. ಸುಳ್ಳಲ್ಲ. ಅದು ಪರೀಕ್ಷಾ ಕೊಠಡಿಯಲ್ಲಿ, ಗೊತ್ತುಮಾಡಿದ ವೇಗದಲ್ಲಿ ರೋಲರ್ ಮೇಲೆ ಓಡಿಸಿ ತೆಗೆದ ಲೆಕ್ಕ. ಅಲ್ಲಿ ಫ್ಲೈಓವರ್ ಇಲ್ಲ, ಹಂಪ್ ಇಲ್ಲ, ಹಿಂದಿನ ಸೀಟಿನಲ್ಲಿ ಮೂವರು ಇಲ್ಲ. 45 ಯೂನಿಟ್‌ನ ನೆಕ್ಸಾನ್‌ಗೆ ಪರೀಕ್ಷೆಯ ಲೆಕ್ಕ 489 ಕಿ.ಮೀ. ದಿನಬಳಕೆಯಲ್ಲಿ ಹೆಚ್ಚಿನವರಿಗೆ 350ರ ಆಸುಪಾಸು ಸಿಗುತ್ತದೆ ಎಂದು ಕಂಪನಿಯೇ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಯಾವ ಇವಿ ನೋಡಿದರೂ ಜಾಹೀರಾತಿನ ಅಂಕಿಯ ಮೂರರಲ್ಲಿ ಎರಡು ಪಾಲನ್ನು ನಂಬಿಕೊಂಡರೆ ಮೋಸ ಹೋಗುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಜಾಸ್ತಿ ಮೈಲೇಜ್ ಕೊಡುತ್ತದೆ, ಊರೊಳಗೆ ಕಡಿಮೆ. ಇವಿ ತದ್ವಿರುದ್ಧ. ವೇಗ ಹೆಚ್ಚಿದಂತೆ ಗಾಳಿಯ ತಡೆ ಏರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಊರೊಳಗೆ ನಿಧಾನಕ್ಕೆ ಹೋಗುವಾಗ ಆ ತಡೆ ಅಷ್ಟಿಲ್ಲ. ಜೊತೆಗೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಮೋಟಾರು ಡೈನಮೋ ಆಗಿ ತಿರುಗಿ, ಓಟದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ವಾಪಸ್ ಹಾಕುತ್ತದೆ. ಹಳೇ ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿದಾಗ ಪೆಡಲ್ ಭಾರವಾಗುತ್ತಿತ್ತಲ್ಲ, ಅದೇ ತತ್ವ. ಆ ಭಾರವೇ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಬ್ರೇಕ್ ಪ್ಯಾಡ್ ಸವೆಯುವುದೂ ಕಡಿಮೆ.

ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ?

ನನ್ನ ತಾಯಿಗೆ ಇದ್ದ ದೊಡ್ಡ ಭಯ ಇದು. ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಬ್ಯಾಟರಿ ಮುಗಿದುಹೋದರೆ?

ಕಾರು ನಿಂತಾಗ ಮೋಟಾರು ಏನೂ ತಿನ್ನುವುದಿಲ್ಲ. ಖರ್ಚಾಗುವುದು ಎಸಿಗೆ, ಲೈಟಿಗೆ, ಸ್ಕ್ರೀನಿಗೆ. ಬೆಂಗಳೂರಿನ ಹವೆಯಲ್ಲಿ ಇವೆಲ್ಲ ಸೇರಿ ಗಂಟೆಗೆ ಒಂದು ಯೂನಿಟ್ ಹತ್ತಿರ. ಅಂದರೆ ಒಂದು ಗಂಟೆ ಅಲ್ಲಾಡದೆ ನಿಂತರೂ ಕಳೆದುಕೊಳ್ಳುವುದು ಏಳು ಕಿ.ಮೀ. ಓಟ. ಮೇ ತಿಂಗಳ ಕಲಬುರಗಿಯಲ್ಲಾದರೆ ಎಸಿ ಇನ್ನಷ್ಟು ಎಳೆಯುತ್ತದೆ. ಒಂದು ಮಳೆಯ ಸಂಜೆ ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್ ದಾಟಲು ನನಗೆ ಎರಡು ಗಂಟೆ ಹಿಡಿಯಿತು. ಹೊರಟಾಗ 61 ಪರ್ಸೆಂಟ್ ಇತ್ತು, ದಾಟಿದಾಗ 53. ಇಡೀ ದಾರಿ ವೈಪರ್, ಎಸಿ, ಹಾಡು ಯಾವುದೂ ನಿಂತಿರಲಿಲ್ಲ.

ಮನೆಯ ಪ್ಲಗ್: ಇಲ್ಲೇ ಎಲ್ಲಾ ತೀರ್ಮಾನ

ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗಿ ಬಂದರೆ ಸುಮಾರು 50 ಕಿ.ಮೀ. ಅಷ್ಟಕ್ಕೆ ಬೇಕಾಗುವುದು ಎಂಟು ಯೂನಿಟ್. 15 ಆಂಪ್ಸ್ ಪ್ಲಗ್ಗಿನಲ್ಲಿ ಇದು ಮೂರು ಗಂಟೆಯ ಕೆಲಸ. ರಾತ್ರಿ ಊಟಕ್ಕೆ ಕೂರುವ ಮೊದಲು ಚುಚ್ಚಿದರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ. ಫೋನ್ ಚಾರ್ಜಿಗೆ ಹಾಕುವಷ್ಟೇ ಸಲೀಸು. ಹೀಗೆ ದಿನಾ ಚುಚ್ಚುವವರಿಗೆ ಬ್ಯಾಟರಿ 250 ಕಿ.ಮೀ. ಓಡಲಿ, 450 ಓಡಲಿ, ವಾರದ ದಿನಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪ್ಲಗ್ ಇಲ್ಲದವರಿಗೆ ಇದೇ ಕಾರು ವಾರಕ್ಕೆ ಒಂದೆರಡು ಸಲ ಚಾರ್ಜಿಂಗ್ ಸ್ಟೇಷನ್ ಹುಡುಕಿಕೊಂಡು ಹೋಗಿ ಗಂಟೆಗಟ್ಟಲೆ ಕಾಯುವ ಕೆಲಸ.

ಆದರೆ ಪ್ಲಗ್ ಅಂದರೆ ಬರೀ ಮೂರು ತೂತಲ್ಲ. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ. ಕಾರು ಗಂಟೆಗಟ್ಟಲೆ ಬಿಡದೆ ಅಷ್ಟೇ ಕರೆಂಟ್ ಎಳೆಯುತ್ತದೆ. ಸಾಕೆಟ್ಟಿನೊಳಗೆ ಒಂದು ಸ್ಕ್ರೂ ಸಡಿಲ ಇದ್ದರೂ ಅಲ್ಲಿ ಬಿಸಿ ಹುಟ್ಟುತ್ತದೆ. ಮೊದಲ ತಿಂಗಳಲ್ಲಿ ಒಂದು ರಾತ್ರಿ ನಾನು ಪ್ಲಗ್ ತೆಗೆಯಲು ಹೋದಾಗ ಬೆರಳು ಸುಟ್ಟಿತು. ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದರೆ ನ್ಯೂಟ್ರಲ್ ವೈರಿನ ಸ್ಕ್ರೂ ಅರ್ಧ ತಿರುವು ಸಡಿಲ ಇತ್ತು, ಅಷ್ಟೇ. ಆ ದಿನದಿಂದ ತಿಂಗಳಿಗೊಮ್ಮೆ ಚಾರ್ಜ್ ಆಗುತ್ತಿರುವಾಗ ಪ್ಲಗ್ಗನ್ನು ಹೊರಗಿನಿಂದ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಪರವಾಗಿಲ್ಲ, ಮುಟ್ಟಲಾಗದಷ್ಟು ಬಿಸಿ ಇದ್ದರೆ ತಕ್ಷಣ ನಿಲ್ಲಿಸಬೇಕು.

ಆ ಎಲೆಕ್ಟ್ರಿಷಿಯನ್ ಹೇಳಿಕೊಟ್ಟದ್ದು ನಿಮಗೂ ಉಪಯೋಗಕ್ಕೆ ಬರುತ್ತದೆ. ಕಾರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, 4 ಚದರ ಮಿ.ಮೀ. ತಾಮ್ರದ ವೈರ್ ಹಾಕಿಸಿ. ಆ ಲೈನಿಗೇ ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಒಂದು ಎಂಸಿಬಿ ಸ್ವಿಚ್, ಶಾಕ್ ಹೊಡೆಯದಂತೆ ಕಾಪಾಡುವ ಆರ್‌ಸಿಸಿಬಿ ಇರಲಿ. ಅರ್ಥಿಂಗ್ ಸರಿಯಾಗಿರಲೇಬೇಕು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಷ್ಟೋ ಜನ ಕಾರೇ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕೆಟ್ಟಿರುವುದು ಮನೆಯ ಅರ್ಥಿಂಗ್. ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಕಾರನ್ನು ಹಾಕಲೇಬೇಡಿ. ಮೊದಲ ಮಹಡಿಯ ಕಿಟಕಿಯಿಂದ ರಸ್ತೆಗೆ ವೈರ್ ಇಳಿಬಿಟ್ಟು ಮಳೆಯಲ್ಲಿ ಚಾರ್ಜ್ ಮಾಡುವುದನ್ನು ನೋಡಿದ್ದೇನೆ. ಆ ದಾರಿಯಲ್ಲಿ ಮಕ್ಕಳು ಓಡಾಡುತ್ತಾರೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರದು ಇನ್ನೊಂದು ಹಂತ. ನಿಮ್ಮ ಮೀಟರ್ ಒಂದು ಕಡೆ, ಪಾರ್ಕಿಂಗ್ ಇನ್ನೊಂದು ಕಡೆ. ಮಧ್ಯೆ ಎಲ್ಲರಿಗೂ ಸೇರಿದ ಗೋಡೆ, ಎಲ್ಲರಿಗೂ ಸೇರಿದ ಅಸೋಸಿಯೇಷನ್. ಮನೆಯ ಈಗಿರುವ ಕರೆಂಟ್ ಸಂಪರ್ಕದಲ್ಲೇ ಸ್ವಂತ ಕಾರನ್ನು ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ಅಸೋಸಿಯೇಷನ್ ಕೇಳುವ ಪ್ರಶ್ನೆಗಳು ನ್ಯಾಯವಾದವೇ: ಬೆಂಕಿ ಬಿದ್ದರೆ? ಬಿಲ್ ಯಾರು ಕಟ್ಟುತ್ತಾರೆ? ನಾಳೆ ಐವತ್ತು ಜನ ಕೇಳಿದರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತಾ? ಜಗಳಕ್ಕೆ ಹೋಗುವ ಬದಲು, ನಿಮ್ಮ ಮೀಟರಿನಿಂದಲೇ ಲೈನ್ ಎಳೆಯುವ ನಕ್ಷೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಲಿ ಬರೆಸಿಕೊಂಡು ಹೋಗಿ. ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಇರುತ್ತದೆ. ಇದನ್ನೆಲ್ಲ ಕಾರು ಬುಕ್ ಮಾಡುವ ಮುಂಚೆಯೇ ಮುಗಿಸಿಕೊಳ್ಳಿ. ಕಾರು ಬಂದು ಬೇಸ್‌ಮೆಂಟಿನಲ್ಲಿ ನಿಂತು, ಅನುಮತಿ ಬರದೆ ಮೂರು ತಿಂಗಳು ಒದ್ದಾಡಿದವರು ನಮ್ಮ ಬ್ಲಾಕಿನಲ್ಲೇ ಇದ್ದಾರೆ.

ಕರೆಂಟ್ ಬಿಲ್ಲು, ಲೋಡು, ಗೃಹಜ್ಯೋತಿ

ಬಿಲ್ ತೆಗೆದು 'ಮಂಜೂರಾದ ಲೋಡ್' ಎಷ್ಟಿದೆ ನೋಡಿ. ಚಿಕ್ಕ ಮನೆಗಳಿಗೆ 2 ಅಥವಾ 3 ಕಿಲೋವ್ಯಾಟ್ ಇರುತ್ತದೆ. ಕಾರೊಂದೇ 3 ಕಿಲೋವ್ಯಾಟ್ ಎಳೆಯುವಾಗ ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಸೇರಿದರೆ ಮಿತಿ ದಾಟುತ್ತದೆ. ಹಾಗಾಗಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಪ್ರತಿ ಕಿಲೋವ್ಯಾಟಿಗೆ ತಿಂಗಳ ನಿಗದಿತ ಶುಲ್ಕ ಇರುವುದರಿಂದ ಬಿಲ್ಲೂ ಸ್ವಲ್ಪ ಏರುತ್ತದೆ.

ಗೃಹಜ್ಯೋತಿ ಪಡೆಯುತ್ತಿರುವ ಮನೆಯವರು ಇನ್ನೂ ಎಚ್ಚರದಿಂದ ಲೆಕ್ಕ ಹಾಕಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮನೆಗೆ 120 ಯೂನಿಟ್ ಸಾಕಾಗುತ್ತಿತ್ತು ಅಂದುಕೊಳ್ಳಿ, ಬಿಲ್ ಸೊನ್ನೆ ಬರುತ್ತಿತ್ತು. ಕಾರಿನ 200 ಯೂನಿಟ್ ಅದೇ ಮೀಟರಿಗೆ ಸೇರಿದರೆ 320 ಆಯಿತು. ಕಾರಿನ ಕರೆಂಟಿಗೂ ದುಡ್ಡು, ಇಷ್ಟು ದಿನ ಪುಕ್ಕಟೆ ಇದ್ದ ಮನೆ ಕರೆಂಟಿಗೂ ದುಡ್ಡು. ಷೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇದಕ್ಕೊಂದು ದಾರಿ ಇದೆ: ಕಾರಿಗೆಂದೇ ಬೇರೆ ಮೀಟರ್ ತೆಗೆದುಕೊಳ್ಳುವುದು. ಇವಿ ಚಾರ್ಜಿಂಗ್‌ಗೆ ರಾಜ್ಯದಲ್ಲಿ ಪ್ರತ್ಯೇಕ ದರ ಇದೆ, ಅದು ಮನೆಯ ಯೂನಿಟ್ ದರಕ್ಕಿಂತ ಕಡಿಮೆ. ಹೊಸ ಮೀಟರಿನ ಠೇವಣಿ, ನಿಗದಿತ ಶುಲ್ಕ ಸೇರಿಸಿ ನೋಡಿ ತೀರ್ಮಾನ ಮಾಡಿ.

ಕೂಡಿ ಕಳೆಯೋಣ

ದಿನಕ್ಕೆ 50 ಕಿ.ಮೀ., ತಿಂಗಳಿಗೆ 25 ದಿನ. ಒಟ್ಟು 1,250 ಕಿ.ಮೀ.

ಊರೊಳಗೆ ಲೀಟರಿಗೆ 13 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 96 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ ಸುಮಾರು 9,900 ರೂಪಾಯಿ.

ಯೂನಿಟ್‌ಗೆ 7 ಕಿ.ಮೀ. ಕೊಡುವ ಇವಿಗೆ 179 ಯೂನಿಟ್. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಮೀಟರಿನಲ್ಲಿ 200 ಯೂನಿಟ್ ಓಡಿರುತ್ತದೆ. ತೆರಿಗೆ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ 1,400 ರೂಪಾಯಿ. ತಿಂಗಳಿಗೆ 8,500 ಉಳಿತಾಯ, ವರ್ಷಕ್ಕೆ ಒಂದು ಲಕ್ಷ.

ಮನೆಯಲ್ಲಿ ಪ್ಲಗ್ ಇಲ್ಲದೆ ಬರೀ ಫಾಸ್ಟ್ ಚಾರ್ಜರ್ ನಂಬಿದರೆ? ಅಲ್ಲಿ ಯೂನಿಟ್‌ಗೆ 22 ರೂಪಾಯಿ ಎಂದು ಹಿಡಿಯಿರಿ, ತಿಂಗಳಿಗೆ 4,000 ದಾಟುತ್ತದೆ. ಆಗಲೂ ಪೆಟ್ರೋಲಿಗಿಂತ ಕಡಿಮೆಯೇ. ಆದರೆ ಉಳಿತಾಯ ಮೂರನೇ ಒಂದು ಪಾಲು ಕರಗಿತು, ಸಮಯವೂ ಹೋಯಿತು.

ಈಗ ದಿನಕ್ಕೆ 15 ಕಿ.ಮೀ. ಮಾತ್ರ ಓಡಿಸುವವರ ಲೆಕ್ಕ. ಪೆಟ್ರೋಲಿಗೆ ತಿಂಗಳಿಗೆ 3,000, ಇವಿಗೆ 420. ವರ್ಷಕ್ಕೆ ಉಳಿಯುವುದು 31,000 ರೂಪಾಯಿ. ಒಂದೇ ಮಾದರಿಯ ಕಾರಿನಲ್ಲಿ ಇವಿಗೆ ಮೂರು ಲಕ್ಷ ಜಾಸ್ತಿ ಕೊಟ್ಟಿದ್ದರೆ, ಮೊದಲಿನವರಿಗೆ ಅದು ಮೂರು ವರ್ಷದಲ್ಲಿ ವಾಪಸ್ ಬರುತ್ತದೆ, ಇವರಿಗೆ ಹತ್ತು ವರ್ಷ ಬೇಕು. ಹೊಗೆ ಇಲ್ಲ, ಸದ್ದಿಲ್ಲ, ಗೇರ್ ಇಲ್ಲ ಎನ್ನುವ ಕಾರಣಕ್ಕೆ ಕೊಳ್ಳುವುದಾದರೆ ಅದು ಬೇರೆ ಮಾತು. ಬರೀ ದುಡ್ಡಿಗಾಗಿ ಆದರೆ ಕಡಿಮೆ ಓಡಿಸುವವರಿಗೆ ಅವಸರ ಬೇಡ ಎನ್ನುವುದು ನನ್ನ ಸಲಹೆ.

ಬೆಲೆಯ ವಿಷಯದಲ್ಲಿ ಒಂದು ಮಾತು. ಇವಿಗೆ ಜಿಎಸ್‌ಟಿ 5 ಪರ್ಸೆಂಟ್. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದಿದ್ದರಿಂದ ಎರಡರ ಬೆಲೆಯ ನಡುವಿನ ಅಂತರ ಮತ್ತೆ ದೊಡ್ಡದಾಯಿತು. ಹಳೇ ಲೆಕ್ಕ ನಂಬಬೇಡಿ, ಎರಡೂ ಕಾರಿನ ಆನ್ ರೋಡ್ ಬೆಲೆಯನ್ನು ಒಂದೇ ದಿನ ಬರೆಸಿಕೊಳ್ಳಿ.

ಬ್ಯಾಟರಿ ಎಷ್ಟು ವರ್ಷ ಬರುತ್ತೆ?

ಬ್ಯಾಟರಿ ಬೇಗ ಸಾಯುತ್ತದೆ ಎಂಬ ಭಯಕ್ಕೆ ನಮ್ಮ ಊರಿನಲ್ಲಿ ಒಂದು ಹಳೇ ಬೇರಿದೆ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟಾಣಿ ಇವಿ ಮಾರಾಟಕ್ಕೆ ಬಂದಿತ್ತು. ಅದರಲ್ಲಿ ಇದ್ದದ್ದು ಮನೆಯ ಯುಪಿಎಸ್‌ನಲ್ಲಿರುವಂಥ ಲೆಡ್ ಆಸಿಡ್ ಬ್ಯಾಟರಿ. ಕೆಲವೇ ವರ್ಷಕ್ಕೆ ಬದಲಿಸಬೇಕಾಗುತ್ತಿತ್ತು. ಇಂದಿನವು ಲಿಥಿಯಂ ಬ್ಯಾಟರಿಗಳು, ಜಾತಿಯೇ ಬೇರೆ.

ಸೊನ್ನೆಯಿಂದ ನೂರಕ್ಕೆ ಒಮ್ಮೆ ತುಂಬಿಸಿ ಖಾಲಿ ಮಾಡುವುದನ್ನು ಒಂದು ಸೈಕಲ್ ಎನ್ನುತ್ತಾರೆ. ನಮ್ಮಲ್ಲಿ ಹಲವು ಕಾರುಗಳಲ್ಲಿರುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಎರಡು ಸಾವಿರ ಸೈಕಲ್‌ಗೂ ಜಾಸ್ತಿ ತಾಳುತ್ತದೆ. 300 ಕಿ.ಮೀ. ಓಡುವ ಕಾರನ್ನು ದಿನಕ್ಕೆ 50 ಕಿ.ಮೀ. ಓಡಿಸಿದರೆ ಆರು ದಿನಕ್ಕೆ ಒಂದು ಸೈಕಲ್, ವರ್ಷಕ್ಕೆ ಅರವತ್ತರ ಹತ್ತಿರ. ಎಂಟು ವರ್ಷಕ್ಕೂ ಐನೂರು ದಾಟುವುದಿಲ್ಲ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕಂಪನಿಗಳು ಧೈರ್ಯವಾಗಿ ಕೊಡುವುದು ಇದಕ್ಕೇ. ಆದರೆ ಬಳಕೆಯ ಜೊತೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ಫುಲ್ ಚಾರ್ಜ್ ಇಟ್ಟು ದಿನಗಟ್ಟಲೆ ನಿಲ್ಲಿಸುವುದು, ದಿನಾ ಫಾಸ್ಟ್ ಚಾರ್ಜ್ ಮಾಡುವುದು ಬ್ಯಾಟರಿಗೆ ಒಳ್ಳೆಯದಲ್ಲ.

ಎಲ್‌ಎಫ್‌ಪಿ ಕಾರನ್ನು ಆಗಾಗ 100 ಪರ್ಸೆಂಟ್ ಚಾರ್ಜ್ ಮಾಡಿ ಎಂದು ಕೈಪಿಡಿ ಹೇಳುತ್ತದೆ. ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ. ಮುಗಿಯುವ ತನಕ ಉರಿ ಒಂದೇ ಸಮ, ಒಳಗೆ ಎಷ್ಟಿದೆ ಉರಿ ನೋಡಿ ಹೇಳಲಾಗದು. ಈ ಬ್ಯಾಟರಿಯ ವೋಲ್ಟೇಜೂ ಹಾಗೇ ಒಂದೇ ಸಮ ಇರುತ್ತದೆ, ಕಾರಿಗೆ ಲೆಕ್ಕ ತಪ್ಪುತ್ತದೆ. ಪೂರ್ತಿ ತುಂಬಿದಾಗ ಲೆಕ್ಕ ಮತ್ತೆ ಸರಿಯಾಗುತ್ತದೆ.

ಇದರ ಜೊತೆ ಇವಿಯಲ್ಲಿ ಇನ್ನೊಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ಬಾಗಿಲ ಲಾಕು, ಸ್ಕ್ರೀನು, ಕಂಪ್ಯೂಟರು ಎದ್ದೇಳುವುದು ಅದರಿಂದ. ದೊಡ್ಡ ಬ್ಯಾಟರಿ 80 ಪರ್ಸೆಂಟ್ ಇದ್ದರೂ ಇದು ಸತ್ತರೆ ಕಾರು ಏಳುವುದಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಇದನ್ನು ಪರೀಕ್ಷೆ ಮಾಡಲು ಹೇಳಿ.

ಮಳೆ ಮತ್ತು ಬೆಂಕಿ

ಮಳೆಯಲ್ಲಿ ಓಡಿಸಬಹುದು, ಚಾರ್ಜೂ ಮಾಡಬಹುದು. ಕಾರಿಗೆ ಚುಚ್ಚುವ ಚಾರ್ಜಿಂಗ್ ಗನ್ ಸರಿಯಾಗಿ ಕೂತು, ಕಾರು ಮತ್ತು ಚಾರ್ಜರ್ ಮಾತಾಡಿಕೊಂಡ ಮೇಲೆಯೇ ಕರೆಂಟ್ ಹರಿಯುತ್ತದೆ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ಎಂಬ ದರ್ಜೆ ಇದ್ದರೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದಂತೆ ಮುಚ್ಚಲಾಗಿದೆ ಎಂದರ್ಥ. ಹಾಗಂತ ತುಂಬಿದ ಅಂಡರ್‌ಪಾಸಿಗೆ ನುಗ್ಗಬೇಡಿ. ಬೇಸ್‌ಮೆಂಟಿನಲ್ಲಿ ರಾತ್ರಿಯಿಡೀ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ, ಚಾರ್ಜಿಗೆ ಹಾಕದೆ ಸರ್ವಿಸ್ ಸೆಂಟರಿಗೆ ಕರೆ ಮಾಡಿ.

2022ರಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ಲಿಥಿಯಂ ಬ್ಯಾಟರಿಗಳಲ್ಲಿ ಎಲ್‌ಎಫ್‌ಪಿ ಬಿಸಿಯನ್ನು ಚೆನ್ನಾಗಿ ತಾಳುವ ಬಗೆ. ಮನೆಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಮೇಲೆ ಹೇಳಿದ ವೈರು, ಪ್ಲಗ್ಗಿಗೇ.

ಹಬ್ಬಕ್ಕೆ ಊರಿಗೆ ಹೋಗುವಾಗ

ದಿನದ ಓಡಾಟಕ್ಕೆ ಕೊಂಡ ಕಾರಿನಲ್ಲೇ ಗೌರಿ ಹಬ್ಬಕ್ಕೆ ಊರಿಗೂ ಹೋಗಬೇಕಲ್ಲ. ಮೈಸೂರು 145 ಕಿ.ಮೀ. ಬ್ಯಾಟರಿ ತೀರಾ ಪುಟ್ಟದಲ್ಲದಿದ್ದರೆ ಅಷ್ಟಕ್ಕೆ ಯೋಚನೆಯೇ ಬೇಡ. ಮಂಗಳೂರು 350 ಕಿ.ಮೀ., ನಡುವೆ ಒಂದು ಸಲ ಚಾರ್ಜ್ ಮಾಡಲೇಬೇಕು. ಹಾಸನದಲ್ಲಿ ತಿಂಡಿಗೆ ನಿಂತಾಗ ಹಾಕಿದರೆ ಸಾಕಾಗುತ್ತದೆ. ಹಬ್ಬದ ಹಿಂದಿನ ದಿನ ಚಾರ್ಜರ್ ಮುಂದೆ ಸಾಲು ಇರುತ್ತದೆ. ಹಾಗಾಗಿ 10 ಪರ್ಸೆಂಟಿಗೆ ಇಳಿಯುವ ತನಕ ಕಾಯದೆ 30 ಇರುವಾಗಲೇ ನಿಲ್ಲಿಸಿ. ಒಂದು ಚಾರ್ಜರ್ ಕೆಟ್ಟಿದ್ದರೂ ಮುಂದಿನದಕ್ಕೆ ತಲುಪುವಷ್ಟು ಉಳಿದಿರುತ್ತದೆ.

ಘಟ್ಟದ ಲೆಕ್ಕ ಬೇರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ರೀಜೆನ್ ಕೆಲಸ ಮಾಡಿ, ಕೆಳಗೆ ತಲುಪುವ ಹೊತ್ತಿಗೆ ಬ್ಯಾಟರಿ ಒಂದೆರಡು ಪರ್ಸೆಂಟ್ ಏರಿರುವುದೂ ಉಂಟು. ಮಕ್ಕಳಿಗೆ ಅದನ್ನು ನೋಡುವುದೇ ಖುಷಿ. ವಾಪಸ್ ಬರುವಾಗ ಅದೇ ಘಟ್ಟ ಹತ್ತಬೇಕು. ಒಂದೂವರೆ ಟನ್ ಭಾರವನ್ನು ಎಂಟುನೂರು ಮೀಟರ್ ಮೇಲೆತ್ತಲು ಮೂರರಿಂದ ನಾಲ್ಕು ಯೂನಿಟ್ ಹೆಚ್ಚಿಗೆ ಬೇಕು. ಸಮತಟ್ಟು ರಸ್ತೆಯ ಇಪ್ಪತ್ತೈದು ಕಿ.ಮೀ. ಓಟದಷ್ಟು. ಉಜಿರೆಯಿಂದ ಹೊರಡುವ ಮುಂಚೆ ಅಷ್ಟನ್ನು ಸೇರಿಸಿ ಲೆಕ್ಕ ಹಾಕಿಕೊಂಡರೆ, ಮಂಜಿನಲ್ಲಿ ತಿರುವು ಹತ್ತುವಾಗ ಕಣ್ಣು ಪರ್ಸೆಂಟಿನ ಮೇಲೆ ಇರದೆ ರಸ್ತೆಯ ಮೇಲೆ ಇರುತ್ತದೆ.